ಕಂದೀಲು ಆರಿದ ನೆಲಮಾಳಿಗೆ

ಕಳೆದ ವಾರ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ಗೆಳತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಅಳಿಯ ಕೆಂಪು ವೈನಿನ ಬಾಟಲಿಯೊಂದರ ಬಿರಡೆ ತೆಗೆದ. ಎಷ್ಟೋ ತಲೆಮಾರಿನಿಂದ ಒಂದೇ ಮನೆತನದವರು ಮಾಡುತ್ತಿರುವ ವೈನಂತೆ... ಹುಳಿ ಬೆರೆತ ಆ ಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ಕೂರಲಾಗಲಿಲ್ಲ. ಹೊರಗೆ ಬಂದು ಗಾಳಿಗೆ ನಿಂತೆ. ಹರಿಹರದ ಅಕ್ಕ ನೆನಪಾಗಿದ್ದರು.

ಮದುವೆಗೆ ಮುಂಚೆ ನಾನು ಹರಿಹರದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಮಲೆಬೆನ್ನೂರು ರಸ್ತೆಯಲ್ಲಿ, ಊರ ಹೊರಗಿನ ದ್ರಾಕ್ಷಿ ತೋಟದ ಮನೆಯಲ್ಲಿ ಬಾಡಿಗೆಗಿದ್ದೆ. ಮನೆಯೊಡತಿಯನ್ನು ಅಕ್ಕ ಎನ್ನುತ್ತಿದ್ದೆ, ಅವರ ಗಂಡನನ್ನು ಅಣ್ಣ. ಅಣ್ಣನ ಅಜ್ಜನ ಕಾಲದಿಂದ ಆ ಮನೆಯವರು ವೈನ್ ಮಾಡುತ್ತಿದ್ದರು. ಲಿಂಗ ಕಟ್ಟಿದ ಮನೆತನ. ಮಾಡುವವರೇ ಹೊರತು ಒಬ್ಬರೂ ಕುಡಿಯುವವರಲ್ಲ. ಅಕ್ಕ ಪೀಪಾಯಿಯ ರಸವನ್ನು ಅಂಗೈಗೆ ಬಿಟ್ಟುಕೊಂಡು ಮೂಸಿ, "ಇನ್ನೂ ಎಳೇದೈತೆ" ಎಂದೋ "ಆತು" ಎಂದೋ ಹೇಳುತ್ತಿದ್ದರು. ಅವರ ಮಾತೇ ಕೊನೆ.

ರಸ ಹುದುಗುತ್ತಿದ್ದದ್ದು ಮನೆಯ ಹಿಂದಿನ ನೆಲಮಾಳಿಗೆಯಲ್ಲಿ. ಆ ದಿನಗಳಲ್ಲಿ ಅದರ ಬಾಗಿಲ ಬಳಿ ನಿಂತರೆ ಒಳಗಿನಿಂದ ಗುಳುಗುಳು ಸದ್ದು ಕೇಳುತ್ತಿತ್ತು. ಯಾರೇ ಇಳಿಯಲಿ, ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಕೆಳಗೆ ಬಿಡುವುದು ಆ ಮನೆಯ ರೂಢಿ. ಹುದುಗುವ ರಸದಿಂದ ಏಳುವ ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ, ನೆಲ ಹಿಡಿದು ತುಂಬಿಕೊಳ್ಳುತ್ತದೆ. ದೀಪ ಆರಿದ ಕಡೆ ಮನುಷ್ಯನ ಉಸಿರೂ ನಿಲ್ಲುತ್ತದೆ.

ಆ ವರ್ಷ ಅಕ್ಕನ ಮೈದುನ ಕೆಳಗೆ ಕರೆಂಟ್ ಎಳೆಸಿ ಬಲ್ಬು ಹಾಕಿಸಿದ. ನಗುನಗುತ್ತಾ ಓಡಾಡುವ ಹುಡುಗಾಟದ ಮನುಷ್ಯ. ದಾವಣಗೆರೆಗೆ ಹೋದಾಗಲೆಲ್ಲ ನನಗೂ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದ.

"ಇನ್ನ ಯಾಕ ಅತ್ತಿಗಿ ಆ ಕಂದೀಲು? ಬೆಳಕು ಬೇಕಾದಷ್ಟು ಐತೆ."

"ಅದು ಬೆಳಕಿಗಲ್ಲಪ್ಪ. ಈ ಬಲ್ಬು ಆರಂಗಿಲ್ಲ ನೋಡು, ಅದಕ್ಕೇ ನಂಗೆ ಹೆದರಿಕೆ."

ಅವನು ನಕ್ಕುಬಿಟ್ಟ. ಅದೇ ವಾರ ಮಳೆ ಹಿಡಿಯಿತು. ನೀರು ನುಗ್ಗದಿರಲೆಂದು ನೆಲಮಾಳಿಗೆಯ ಗವಾಕ್ಷಿಗಳಿಗೆ ಹಲಗೆ ಬಡಿದರು. ಒಂದು ದಿನ ಮನೆಯ ಬೆಕ್ಕು ಕೆಳಗಿನ ಮೆಟ್ಟಿಲ ಮೇಲೆ ಸತ್ತು ಬಿದ್ದಿತ್ತು. ಇಲಿಪಾಷಾಣ ತಿಂದಿರಬೇಕು ಎಂದ ಮೈದುನ. ಅಕ್ಕ ಆ ಮೆಟ್ಟಿಲನ್ನೇ ನೋಡುತ್ತಾ ನಿಂತರು.

ಮರುದಿನ ಭಾನುವಾರ. ಬೆಳಗ್ಗೆ ನಾನು ಹಿತ್ತಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಮೈದುನ ಕೊಡ ಹಿಡಿದು ಕೆಳಗಿಳಿದ. ಸ್ವಲ್ಪ ಹೊತ್ತಿಗೆ ಕೊಡ ಉರುಳಿದ ಸದ್ದು... ಆಮೇಲೆ ಏನೂ ಇಲ್ಲ. ಅಕ್ಕ ಬಾಗಿಲಿಗೆ ಓಡಿಬಂದು ಕೂಗಿದರು, ಉತ್ತರವಿಲ್ಲ. ಕೆಳಗೆ ಬಲ್ಬು ಮಾತ್ರ ನಿಚ್ಚಳವಾಗಿ ಉರಿಯುತ್ತಿತ್ತು. ಅಣ್ಣ ಅಂಗಳದಿಂದ ಓಡಿಬರುವುದನ್ನು ಕಂಡ ಅಕ್ಕ ಬಾಗಿಲೆಳೆದು ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತುಬಿಟ್ಟರು.

"ಸರಿ ಆಕಡೆ! ನನ್ನ ತಮ್ಮ ಒಳಗದಾನೆ!"

"ಬ್ಯಾಡ್ರಿ, ಇಳಿದ್ರೆ ಇಬ್ರೂ ಹೋಗ್ತೀರಿ. ಯಾರಾದ್ರೂ ಕಂದೀಲು ತರ್ರಿ!"

ಅಣ್ಣ ಅವರ ಕೆನ್ನೆಗೆ ಹೊಡೆದರು. ತುಟಿ ಒಡೆದು ರಕ್ತ ಬಂತು. ಅಕ್ಕ ಕದಲಲಿಲ್ಲ. ತೋಟದ ಆಳುಗಳು ಅಣ್ಣನನ್ನು ಹಿಡಿದುಕೊಂಡ ಮೇಲೆಯೇ ಬಾಗಿಲು ತೆರೆದು ಕಂದೀಲು ಬಿಟ್ಟರು. ಅರ್ಧ ಇಳಿಯುವಷ್ಟರಲ್ಲಿ ಆರಿತು. ಗವಾಕ್ಷಿಯ ಹಲಗೆ ಒಡೆಸಿ, ಭತ್ತ ತೂರುವ ಫ್ಯಾನು ತರಿಸಿ ಒಳಗೆ ಗಾಳಿ ಬಿಡಿಸಿದರು. ಕಂದೀಲು ಮತ್ತೆ ಆರಿತು. ಕೊನೆಗೊಮ್ಮೆ ಉರಿಯುತ್ತಾ ಉಳಿದಾಗ ಅಣ್ಣನೇ ಇಳಿದು ತಮ್ಮನನ್ನು ಹೆಗಲ ಮೇಲೆ ಹೊತ್ತು ತಂದರು. ಅವನ ಉಸಿರು ನಿಂತು ಆಗಲೇ ಹೊತ್ತಾಗಿತ್ತು.

"ಬಾಗಿಲು ಹಾಕಿ ನನ್ನ ಗಂಡನ್ನ ಕೊಂದ್ಲು" ಎಂದು ಮೈದುನನ ಹೆಂಡತಿ ಊರ ಮುಂದೆ ಎದೆ ಬಡಿದುಕೊಂಡಳು. ಅಣ್ಣ ಅಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಆ ವರ್ಷದ ರಸವನ್ನೆಲ್ಲ ತೋಟದ ಕಾಲುವೆಗೆ ಸುರಿಸಿದರು. ನೀರು ಸಂಜೆಯವರೆಗೂ ಕೆಂಪಗೆ ಹರಿಯಿತು. ಅಲ್ಲಿಗೆ ಆ ಮನೆಯಲ್ಲಿ ವೈನ್ ಮಾಡುವುದು ನಿಂತಿತು.

ಮದುವೆ ಗೊತ್ತಾಗಿ ಮನೆ ಬಿಡುವ ದಿನ ಹೇಳಿದೆ: "ನೀವು ಬಾಗಿಲು ಹಾಕದಿದ್ರೆ ಅಣ್ಣನೂ ಉಳೀತಿರಲಿಲ್ಲ, ಅಕ್ಕ."

"ಗೊತ್ತೈತೆ ಟೀಚರ್. ಅವರಿಗೂ ಗೊತ್ತೈತೆ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಬಾಗಿಲು ಹಾಕಿದ ಮ್ಯಾಲೆ ಒಳಗ ಒಂದ್ಸಲ ಕೆಮ್ಮಿದಂಗಾತು. ಅವರ ಕೂಗಾಟದಾಗ ಅವರಿಗೆ ಕೇಳಲಿಲ್ಲ. ನಾನು ಬೆನ್ನು ಕೊಟ್ಟು ನಿಂತಿದ್ನಲ್ಲ... ನಂಗೆ ಕೇಳಿಸ್ತು."

ಊಟದ ಮರುದಿನ, ಮಲೆಬೆನ್ನೂರಿನಲ್ಲಿರುವ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅಕ್ಕ ತೀರಿಕೊಂಡು ಬಹಳ ದಿನವಾಯಿತಂತೆ. ನನಗೆ ಯಾರೂ ತಿಳಿಸಿರಲಿಲ್ಲ. ಅಣ್ಣ ಇನ್ನೂ ಇದ್ದಾರಂತೆ, ಕೋಲು ಹಿಡಿದು ಓಡಾಡುತ್ತಾರಂತೆ. ಅಕ್ಕ ತೀರಿಹೋಗುವವರೆಗೂ ಅಣ್ಣ ಅವರೊಡನೆ ಒಂದು ಮಾತನ್ನೂ ಆಡಲಿಲ್ಲವಂತೆ.

ಹೋಗಿ ನೋಡಿಬರೋಣವೆಂದು ಬಸ್ ಸ್ಟ್ಯಾಂಡಿನವರೆಗೂ ಹೋದೆ. ಹರಿಹರದ ಬಸ್ಸು ಬಂತು, ಹೊರಟೂ ಹೋಯಿತು. ನಾನು ಹತ್ತಲಿಲ್ಲ. ಆ ಕೆಮ್ಮಿನ ಮಾತು ಬದುಕಿರುವವರಲ್ಲಿ ಈಗ ನನಗೊಬ್ಬಳಿಗೇ ಗೊತ್ತು. ಆ ಮುದುಕರ ಎದುರು ಕೂತರೆ ಎಲ್ಲಿ ಬಾಯಿಬಿಟ್ಟೇನೋ ಎಂದು ಹೆದರಿಕೆಯಾಯಿತು.