ಡೋಲಿಗೆ ಬೆದರದ ಕುದುರೆ

ಆ ಕುದುರೆಯನ್ನು ನಾನು ಮೊದಲು ನೋಡಿದ್ದು ಮುಂಬಯಿ ಹತ್ತಿರದ ಕಲ್ಯಾಣ ಸ್ಟೇಶನ್ನಿನ ಹೊರಗೆ, ಗಟಾರದ ಅಂಚಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಆಟೋರಿಕ್ಷಾಗಳು ಹೆಚ್ಚಾದ ಮೇಲೆ ಟಾಂಗಾದವರಿಗೆ ಗಿರಾಕಿ ಕಡಿಮೆಯಾಗಿ, ಕುಂಟು ಬಿದ್ದ ಕುದುರೆಗಳನ್ನು ಕೆಲವರು ಹಾಗೇ ಬಿಟ್ಟುಹೋಗುತ್ತಿದ್ದರು. ಇದು ಬಿಳಿಯ ಹೆಣ್ಣುಕುದುರೆ. ಹೆಗಲ ಮೇಲೆ ಅಂಗೈಯಗಲ ಹುಣ್ಣು, ಮೂಗಿನ ಮೇಲೆ ಅಡ್ಡಕ್ಕೆ ಹಳೆಯ ಗಾಯದ ಗೆರೆ. ಮುಂಗಾಲೊಂದನ್ನು ನೆಲಕ್ಕೆ ಊರಲಾಗುತ್ತಿರಲಿಲ್ಲ. ಟೆಲಿಫೋನ್ ಆಫೀಸಿನ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ನಾನು ಅಲ್ಲೇ ನಿಂತೆ. ನನ್ನ ಅಪ್ಪ ಬೆಳಗಾವಿಯಲ್ಲಿ ಮಿಲಿಟರಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು. ಕುದುರೆಯ ಕಾಲೆತ್ತಿ ನೋಡುವುದು ನನಗೆ ಲಂಗ ಉಡುವ ವಯಸ್ಸಿನಲ್ಲೇ ಬರುತ್ತಿತ್ತು. ಗೊರಸಿನೊಳಗೆ ಕೀವು ಕಟ್ಟಿತ್ತು. ವಾಸಿಯಾಗುವಂಥದ್ದೇ.

ಆದರೆ ಅದನ್ನು ಒಯ್ಯುವುದೆಲ್ಲಿಗೆ? ನಾನೂ ನನ್ನ ಗಂಡನೂ ವಿಠ್ಠಲವಾಡಿಯ ಚಾಳಿನ ಎರಡು ಖೋಲಿಯಲ್ಲಿದ್ದವರು. ಆಗ ನೆರವಿಗೆ ಬಂದವರು ನಾವು ಮಾಮಾ ಎಂದು ಕರೆಯುತ್ತಿದ್ದ ಹೋಟೆಲಿನ ಯಜಮಾನರು. ಉಡುಪಿ ಕಡೆಯವರು. ನಮ್ಮ ಚಾಳಿನ ಹಿಂದೆ ಅವರದೊಂದು ಹಳೆಯ ತಬೇಲಾ ಇತ್ತು. ಎಮ್ಮೆಗಳನ್ನು ಕೊಟ್ಟುಬಿಟ್ಟ ಮೇಲೆ ಖಾಲಿ ಬಿದ್ದಿತ್ತು.

"ಅಲ್ಲೇ ಕಟ್ಟು ಮಾರಾಯ್ತಿ. ಪಾಪದ ಪ್ರಾಣಿ ಅದು," ಅಂದರು. "ಕ್ಯಾರೆಟ್ ತುದಿ, ಕೋಸಿನ ಎಲೆ ಎಲ್ಲ ನನ್ನ ಅಡಿಗೆಮನೆಯಿಂದ ಕಳಿಸ್ತೇನೆ."

ಕಳಿಸಿದರು ಕೂಡ. ದಿನವೂ ಬೆಳಿಗ್ಗೆ ಒಂದು ಬುಟ್ಟಿ ತಪ್ಪುತ್ತಿರಲಿಲ್ಲ. ಮುಂದೆ ಅವರೇ ಉಲ್ಹಾಸನಗರದ ಕಡೆಯಿಂದ ಇನ್ನೂ ಮೂರು ಬಡಕಲು ಕುದುರೆಗಳನ್ನು ಕೊಂಡು ತಂದರು. ನಾನು ಡ್ಯೂಟಿಗೆ ಮುಂಚೆ ಒಂದು ತಾಸು, ಬಂದ ಮೇಲೆ ಎರಡು ತಾಸು ತಬೇಲಾದಲ್ಲಿರುತ್ತಿದ್ದೆ. ಗೊರಸು ಕೆತ್ತಿ ಕೀವು ತೆಗೆದೆ. ಬಿಸಿ ಉಪ್ಪುನೀರಲ್ಲಿ ಕಾಲು ಅದ್ದಿಸಿ ನಿಲ್ಲಿಸಿದೆ. ಬಿಳಿಯ ಕುದುರೆ ಮೊದಮೊದಲು ನಾನು ಸೆರಗು ಸರಿಮಾಡಿಕೊಳ್ಳಲು ಕೈಯೆತ್ತಿದರೂ ಗೋಡೆಗೆ ಒತ್ತಿಕೊಳ್ಳುತ್ತಿತ್ತು. ದೀಪಾವಳಿ ಕಳೆದ ಮೇಲೆ ಒಂದು ದಿನ, ನಾನು ಇನ್ನೊಂದು ಕುದುರೆಯ ಕಾಲು ತೊಳೆಯುತ್ತ ಕೂತಿದ್ದಾಗ, ತಾನಾಗಿಯೇ ಬಂದು ನನ್ನ ಬೆನ್ನಿಗೆ ಗದ್ದ ಊರಿತು. ನನ್ನ ಕಾಲು ಜೋಮು ಹಿಡಿದರೂ ನಾನು ಏಳಲಿಲ್ಲ.

ಚೇತರಿಸಿಕೊಂಡ ಮೇಲೆ ಅವಕ್ಕೊಂದು ಕಾಯಂ ನೆಲೆ ಬೇಕಿತ್ತು. ಅದನ್ನೂ ಮಾಮಾನೇ ಹುಡುಕಿದರು. ಪನವೇಲದ ಆಚೆ ಪರಿಚಯದವರ ಮಾವಿನ ತೋಟವಂತೆ, ನಾಲ್ಕನ್ನೂ ಇಟ್ಟುಕೊಳ್ಳುತ್ತಾರಂತೆ.

"ಆದ್ರೆ ಅವರದ್ದು ಮಕ್ಕಳುಮರಿ ತುಂಬಿದ ಮನೆ. ಹಬ್ಬ, ಪೂಜೆ ಅಂತ ಗಲಾಟೆ ಇರ್ತದೆ. ಶಬ್ದಕ್ಕೆ ಹೆದರಬಾರ್ದು ನೋಡು. ಸ್ವಲ್ಪ ರೂಢಿ ಮಾಡಿಸು," ಅಂದರು.

ಮಾಡಿಸಿದೆ. ಮೊದಲು ಹುರುಳಿ ಹಾಕಿ, ಅವು ತಿನ್ನುವಾಗ ದೂರದಲ್ಲಿ ನಿಂತು ಎಣ್ಣೆ ಡಬ್ಬ ಬಡಿದೆ. ದಿನಕ್ಕೊಂದು ಹೆಜ್ಜೆ ಹತ್ತಿರ ಬಂದೆ. ಮಾಮಾ ಎಲ್ಲಿಂದಲೋ ಒಂದು ಡೋಲು ತಂದುಕೊಟ್ಟರು. ಹೊಳೆಯುವ ಬಟ್ಟೆಗೂ ಬೆದರದಿರಲೆಂದು ಅವುಗಳ ಬೆನ್ನ ಮೇಲೆ ನನ್ನ ಹಳೆಯ ಜರಿ ಸೀರೆ ಹೊದಿಸಿ ಓಡಾಡಿಸಿದೆ. ಮೂರು ತಿಂಗಳಲ್ಲಿ ಕಿವಿಯ ಪಕ್ಕ ಡೋಲು ಬಡಿದರೂ ಬಿಳಿಯ ಕುದುರೆ ಕದಲದೆ ನಿಲ್ಲುತ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಒಯ್ಯುವ ದಿನ ಮಾಮಾ ಎಲ್ಲರೆದುರು ಮಾತು ಕೊಟ್ಟರು: ಗಾಡಿ ಎಳೆಸುವುದಿಲ್ಲ, ನಾನು ಯಾವಾಗ ಬೇಕಾದರೂ ಹೋಗಿ ನೋಡಬಹುದು. ಮಿಕ್ಕ ಮೂರು ಟೆಂಪೋ ಹತ್ತಿದವು. ಬಿಳಿಯದು ಹತ್ತಲಿಲ್ಲ. ಕೊನೆಗೆ ನಾನೇ ಅಂಗೈಯಲ್ಲಿ ಬೆಲ್ಲ ಹಿಡಿದು ಹಲಗೆಯ ಮೇಲೆ ಮುಂದೆ ನಡೆದೆ. ಅದು ನನ್ನ ಹಿಂದೆಯೇ ಬಂತು. ನಾನು ಇಳಿದೆ, ಬಾಗಿಲು ಹಾಕಿದರು.

ತೋಟ ನೋಡಿಬರುವ ಮಾತೆತ್ತಿದಾಗಲೆಲ್ಲ ಮಾಮಾ ನಗುತ್ತಿದ್ದರು. ಮಳೆ ನಿಲ್ಲಲಿ ಅಂದರು. ತೋಟದವರು ಕಾಶಿಗೆ ಹೋಗಿದ್ದಾರೆ ಅಂದರು. "ದಪ್ಪ ಆಗಿದೆ ಮಾರಾಯ್ತಿ, ನಿನಗೆ ಗುರುತೇ ಸಿಗ್ಲಿಕ್ಕಿಲ್ಲ."

ಗುರುತು ಸಿಕ್ಕಿತು. ಡಿಸೆಂಬರಿನಲ್ಲಿ ಆಫೀಸಿನ ಗೆಳತಿಯ ಜೊತೆ ಹತ್ತಿರದ ಠಾಣೆ ಪಟ್ಟಣಕ್ಕೆ ಹೋಗಿದ್ದೆ. ಸಂಜೆ ಐದರ ಹೊತ್ತು, ಕೆರೆಯ ಪಕ್ಕದ ರಸ್ತೆಯಲ್ಲಿ ಮದುವೆಯ ಮೆರವಣಿಗೆ. ಬ್ಯಾಂಡು, ಪಟಾಕಿ. ಥಳಥಳಿಸುವ ಜೂಲು ಹೊದ್ದ ಬಿಳಿಯ ಕುದುರೆಯ ಮೇಲೆ ಮದುಮಗ, ಅವನ ಮುಂದೆ ಒಂದು ಮಗು. ಕುದುರೆಯ ಮೂಗಿನ ಮೇಲೆ ಅಡ್ಡ ಗೆರೆ. ಲಗಾಮು ಬಿಗಿದು ಬಾಯಂಚು ಹರಿದಿತ್ತು. ಒಂದು ಗಜ ದೂರದಲ್ಲಿ ಡೋಲು ಬಡಿಯುತ್ತಿದ್ದರೂ ಅದು ಕದಲುತ್ತಿರಲಿಲ್ಲ.

ಲಗಾಮು ಹಿಡಿದವನನ್ನು ಯಾರ ಕುದುರೆ ಎಂದು ಕೇಳಿದೆ.

"ಕಲ್ಯಾಣ್ ಕೆ ಹೋಟೆಲ್‌ವಾಲೆ ಸೇಠ್ ಕಾ ಹೈ, ಬಾಯಿ," ಅಂದ. ಕಲ್ಯಾಣದ ಆ ಹೋಟೆಲಿನ ಸೇಠನ ಹತ್ತಿರ ಅಂಥವು ನಾಲ್ಕಿವೆಯಂತೆ. ಯಾವಳೋ ಒಬ್ಬ ಹೆಂಗಸು ಪಳಗಿಸಿದ್ದಂತೆ, ಬಾಂಬು ಸಿಡಿದರೂ ಅಲ್ಲಾಡುವುದಿಲ್ಲವಂತೆ. ಬಹಳ ಮೆಚ್ಚಿಕೊಂಡು ಹೇಳಿದ. ನಾನು ಅದರ ಕುತ್ತಿಗೆಗೆ ಕೈ ಚಾಚಿದೆ. ಅದು ಮುಖ ಆಚೆ ತಿರುಗಿಸಿತು.

ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋದೆ. ಮಾಮಾ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು.

"ತೋಟ ಎಲ್ಲಿ ಐತಿ ಮಾಮಾ?"

ಅವರು ತಬ್ಬಿಬ್ಬಾಗಲಿಲ್ಲ. "ನೋಡಿದ್ಯಾ? ಗಾಡಿ ಎಳೆಸುದಿಲ್ಲ ಅಂದಿದ್ದೆ. ಎಳೆಸ್ಲಿಲ್ಲ. ಮದುವೆಗೆ ಹೋದ್ರೆ ಎಂತ ಆಯ್ತು? ಮಂಗಳ ಕಾರ್ಯ."

"ನನ್ನ ಕೈಲೇ ಡೋಲು ಬಡಿಸಿದ್ರಿ."

"ನೀನು ಪಳಗಿಸದಿದ್ರೆ ಅವು ಕಟುಕನ ಪಾಲಾಗ್ತಿದ್ವು, ನೆನಪಿಟ್ಕೋ."

ಅದು ಪೂರ್ತಿ ಸುಳ್ಳಲ್ಲದ್ದರಿಂದಲೇ ನನ್ನ ಮೈ ಉರಿಯಿತು. ಬಿಳಿಯ ಕುದುರೆಯನ್ನು ವಾಪಸು ಕೊಡದಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಬಂದು ಒಂದೊಂದು ಟೇಬಲ್ಲಿನೆದುರೂ ನಿಂತು ಈ ಕಥೆ ಹೇಳುತ್ತೇನೆ ಅಂದೆ. ಅವರು ಟೇಬಲ್ಲುಗಳ ಕಡೆ ಕಣ್ಣು ಹಾಯಿಸಿದರು. "ತಕ್ಕೊಂಡು ಹೋಗು. ಒಂದೇ," ಅಂದರು. ಉಳಿದ ಮೂರನ್ನು ನಾನು ಮತ್ತೆಂದೂ ನೋಡಲಿಲ್ಲ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು ಬೂಟಿನ ಲೇಸು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. ನನಗೆ ಅಷ್ಟೇ ಸಾಕಾಯಿತು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗಣಪತಿ ಹಬ್ಬದಾಗ ಗೊತ್ತಾತು. ಮಾಮಾನ ಹೇಳಿದ್ರು."

"ನಾಕು ತಿಂಗಳಾತು!"

"ತ್ವಾಟದ ಮಾತು ಆಡುವಾಗ ನಿನ್ನ ಮಾರಿ ನೋಡಬೇಕಿತ್ತು ನೀ. ಹೆಂಗ ಹೇಳ್ಲಿ?"

ಪ್ರತಿ ರಾತ್ರಿ ಊಟಕ್ಕೆ ಕೂತಾಗ ನಾನು ಆ ತೋಟದ ಮಾತಾಡಿದ್ದೆ. ಮಾವಿನ ನೆರಳು ಎಷ್ಟು ತಂಪಿರಬಹುದು ಎಂದೆಲ್ಲ. ಅವರು ಹೂಂಗುಟ್ಟುತ್ತ ರೊಟ್ಟಿ ಮುರಿದಿದ್ದರು. ಮಾಮಾ ಎಷ್ಟೆಂದರೂ ಹೊರಗಿನವರು. ಇವರ ಆ ಹೂಂ ನನ್ನನ್ನು ಹೆಚ್ಚು ನೋಯಿಸಿತು.

ಠಾಣೆಗೆ ಜೊತೆ ಬಂದಿದ್ದ ಗೆಳತಿಯ ಅತ್ತೆ ಕಾಮೋಠೆಯಲ್ಲಿದ್ದರು. ಆಗ ಅದು ಇನ್ನೂ ಹಳ್ಳಿ. ನವಿ ಮುಂಬಯಿ ಕಟ್ಟಲೆಂದು ಹೊಲಗಳು ಸರಕಾರದ ಪಾಲಾಗಿದ್ದವು, ಆದರೆ ಕಟ್ಟಡ ಎದ್ದಿರಲಿಲ್ಲ. ಎಲ್ಲೆಲ್ಲೂ ಮೊಣಕಾಲೆತ್ತರದ ಹುಲ್ಲು. ಆಕೆ ಇಟ್ಟುಕೊಳ್ಳಲು ಒಪ್ಪಿದರು. ಕುದುರೆ ಟೆಂಪೋ ಹತ್ತಲು ಒಪ್ಪಲಿಲ್ಲ. ನಾನು ಬೆಲ್ಲ ಹಿಡಿದು ಹಲಗೆಯ ಮೇಲೆ ನಿಂತೆ. ಅದು ಬೆಲ್ಲವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೊನೆಗೆ ಒಂದು ಭಾನುವಾರ ನಸುಕಿನಲ್ಲಿ ನಡೆಸಿಕೊಂಡೇ ಹೊರಟೆ. ಶೀಳ ಫಾಟಾದ ಕೂಡುರಸ್ತೆ ದಾಟಿ, ತಳೋಜದ ಮೇಲೆ ಹಾದು ಮುಸ್ಸಂಜೆಗೆ ಮುಟ್ಟಿದೆವು. ಗಂಡ ನೀರಿನ ಕೊಡಪಾನ ಹೊತ್ತು ಹತ್ತು ಹೆಜ್ಜೆ ಹಿಂದೆ ಬಂದರು. ನಾನು ಬನ್ನಿ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಅದು ಅಲ್ಲಿ ಐದು ವರ್ಷ ಬಾಳಿತು. ಗೆಳತಿಯ ಅತ್ತೆ ಕರೆದರೆ ಗದ್ದೆಯ ಆಚೆಯಿಂದ ಓಡಿ ಬರುತ್ತಿತ್ತು. ನಾನು ಹೋದರೆ ನಾಲ್ಕು ಮಾರು ದೂರದಲ್ಲೇ ಮೇಯುತ್ತಿತ್ತು. ಬೆದರುತ್ತಿರಲಿಲ್ಲ, ಹತ್ತಿರವೂ ಬರುತ್ತಿರಲಿಲ್ಲ. ಗೊರಸು ಕೆತ್ತಲು ಆಕೆಯೇ ಹಿಡಿದುಕೊಳ್ಳಬೇಕಿತ್ತು.

ಗಂಡನ ಜೊತೆ ಬಿಟ್ಟಿದ್ದ ಮಾತು, ಕುದುರೆಯನ್ನು ಕಾಮೋಠೆಗೆ ಒಯ್ದ ವಾರವೇ ಮತ್ತೆ ಶುರುವಾಯಿತು. ಸಂಸಾರದಲ್ಲಿ ಬಿಟ್ಟರೆ ನಡೆಯುತ್ತದೆಯೇ? ಅವರು ಕೆಟ್ಟವರಲ್ಲ. ಆದರೆ ಇವತ್ತಿಗೂ ಅವರು ಏನಾದರೂ ಒಳ್ಳೆಯ ಸುದ್ದಿ ತಂದರೆ ನಾನು, "ಖರೇನ?" ಎನ್ನುತ್ತೇನೆ. ಅವರು "ಖರೇ" ಎನ್ನುತ್ತಾರೆ. ಆಮೇಲೆ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತೇನೆ.