ಫೋಟೋಗಳ ಕೆಳಗೆ ಹೋದ ನಂಬರ್

ಆ ಹೆಂಗಸಿನ ಫೋನಿನಲ್ಲಿ ನಮ್ಮ ಬಳಗದ ಅಧ್ಯಕ್ಷರು ಪೇಟ ತೊಟ್ಟು ನಗುತ್ತಿದ್ದರು. ಒಳಗೆ ಐಸಿಯುನಲ್ಲಿ ಆಕೆಯ ಗಂಡ ಆಗಷ್ಟೇ ತೀರಿಕೊಂಡಿದ್ದ.

ಕಳೆದ ವಾರ, ನಾಗಪುರದ ರಾಮದಾಸಪೇಠದ ಒಂದು ಆಸ್ಪತ್ರೆ. ಆಕೆ ಶಾಂತವ್ವ, ರಾಣೆಬೆನ್ನೂರಿನ ಕಡೆಯವಳು. ಗಂಡ ಲಾರಿ ಡ್ರೈವರ್. ಇಲ್ಲೇ ಹತ್ತಿರದ ಮೌದಾಕ್ಕೆ ಮಾಲು ತಂದವನಿಗೆ ಎದೆನೋವು ಬಂತು. ಸುದ್ದಿ ಕೇಳಿ ಓಡಿ ಬಂದವಳಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಊರಿನಿಂದ ಮೈದುನ ನಮ್ಮ ನಾಗಪುರದ ಕನ್ನಡ ಬಳಗದ ವೆಬ್‌ಸೈಟಿನ ಲಿಂಕ್ ಕಳಿಸಿದ್ದ. 'ಅಲ್ಲಿ ಸಹಾಯದ ನಂಬರ್ ಇರ್ತೈತಿ, ನೋಡು' ಅಂದಿದ್ದ.

ನಂಬರ್ ಇತ್ತು. ನನ್ನದೇ ನಂಬರ್. ವೆಬ್‌ಸೈಟ್ ಕಟ್ಟಿದವಳೂ ನಾನೇ. (ಕಂಪ್ಯೂಟರ್ ನೌಕರಿಯವರಿಗೆ ಬಳಗದಲ್ಲಿ ಬೇರೆ ಯಾವ ಕೆಲಸ ಕೊಡುತ್ತಾರೆ ಹೇಳಿ?)

ಕಟ್ಟುವುದು ಕಷ್ಟವಲ್ಲ. ಡೇಟಾಬೇಸ್ ಇಲ್ಲ, ಲಾಗಿನ್ ಇಲ್ಲ, ನಾಲ್ಕು ಪುಟದ ಸ್ಟ್ಯಾಟಿಕ್ ಸೈಟ್. ರೆಸ್ಪಾನ್ಸಿವ್ ಫ್ರೇಮ್‌ವರ್ಕ್ ಒಂದನ್ನು ಬಳಸಿದರೆ ಪುಟ ತಾನೇ ಪರದೆಗೆ ಹೊಂದಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಎಡಗಡೆ ಒಂದು ಕಾಲಂ, ಬಲಗಡೆ ಒಂದು. ಫೋನಿನಲ್ಲಿ ಅಷ್ಟು ಜಾಗವೆಲ್ಲಿ? ಬಲಗಡೆಯದು ಎಡಗಡೆಯದರ ಕೆಳಗೆ ಹೋಗಿ ಕೂರುತ್ತದೆ.

ನಮ್ಮ ಬಲಗಡೆ ಸಹಾಯದ ನಂಬರ್ ಇತ್ತು. ಎಡಗಡೆ? ಪದಾಧಿಕಾರಿಗಳ ಫೋಟೋ! ಅಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಅಧ್ಯಕ್ಷರು, ಅವರಿಗೂ ಹಿಂದಿನ ಮಾಜಿಗಳು. ಎಲ್ಲರೂ ಶಾಲು, ಹಾರ ಸಮೇತ. ಯಾರ ಫೋಟೋ ಯಾರದಕ್ಕಿಂತ ಮೇಲೆ ಎಂಬುದಕ್ಕೇ ಧರಮಪೇಠದಲ್ಲಿರುವ ಅಧ್ಯಕ್ಷರ ಮನೆಯಲ್ಲಿ ಇಡೀ ಒಂದು ಮೀಟಿಂಗ್ ಆಯಿತು. ದೊಡ್ಡ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ತೋರಿಸಿದ್ದೆ.

'ಸರ್, ಫೋನಿನಲ್ಲಿ ನಂಬರ್ ಇಷ್ಟೂ ಫೋಟೋಗಳ ಕೆಳಗೆ ಹೋಗುತ್ತೆ' ಅಂದೆ.

'ಹೋಗ್ಲಿ ಬಿಡ್ರಿ ಮೇಡಂ. ಟೀವಿಯೊಳಗ ಬರೋಬರ್ ಕಾಣ್ತೈತಲ್ಲ' ಎಂದರು ಅಧ್ಯಕ್ಷರು.

ದಿಕ್ಕೆಟ್ಟು ಆಸ್ಪತ್ರೆಗೆ ಬಂದವರು ಟೀವಿ ಹೊತ್ತುಕೊಂಡು ಬರುತ್ತಾರೆಯೇ? ಕೇಳಬೇಕಿತ್ತು. ಕೇಳಲಿಲ್ಲ.

ಶಾಂತವ್ವ ಫೋನಿನ ಪರದೆ ಸರಿಸಿಯೇ ಸರಿಸಿದ್ದಾಳೆ. 'ಬರೇ ಸಾಹೇಬ್ರ ಫೋಟೋನ ಬಂದುವ್ರಿ. ಇದ್ಯಾವ್ದೋ ಸನ್ಮಾನದ್ದು ಅಂತ ಬಿಟ್ಟೆ' ಎಂದಳು ನನಗೆ. ಅಷ್ಟರಲ್ಲಿ ಡಾಕ್ಟರ್ ಬಂದು ಹಿಂದಿಯಲ್ಲಿ ಏನೋ ಹೇಳಿದರಂತೆ. ಈಕೆ ತಲೆಯಾಡಿಸಿ ಬೆಂಚಿನ ಮೇಲೆಯೇ ಕೂತಳು. ಕೊನೆಗೆ ಒಬ್ಬ ನರ್ಸ್ ಆಕೆಯ ಫೋನು ನೋಡಿ, ತನ್ನ ಡೆಸ್ಕಿನ ಕಂಪ್ಯೂಟರಿನಲ್ಲಿ ಅದೇ ಸೈಟ್ ತೆರೆದಳು. ಅಲ್ಲಿ ನಂಬರ್ ಎದ್ದು ಕಾಣುತ್ತಿತ್ತು. ನನಗೆ ಕರೆ ಬಂತು. ಸ್ಕೂಟರ್ ಓಡಿಸಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಡಾಕ್ಟರ್ ಆಗ ಆಕೆಗೆ ಹೇಳಿದ್ದೇನೆಂದು ನರ್ಸ್ ನನಗೆ ತಿಳಿಸಿದಳು: ಇನ್ನು ಹೆಚ್ಚು ಹೊತ್ತಿಲ್ಲ, ಎಚ್ಚರವಿದ್ದಾನೆ, ನಿನ್ನನ್ನೇ ಕೇಳುತ್ತಿದ್ದಾನೆ, ಒಳಗೆ ಹೋಗಿ ಮಾತಾಡಿಸು. ಅದನ್ನು ಆಕೆಗೆ ಕನ್ನಡದಲ್ಲಿ ಹೇಳುವ ಕರ್ಮ ನನ್ನದಾಯಿತು.

'ನಾ ಇಲ್ಲೇ ಹೊರಗ ಕುಂತಿದ್ನೆಲ್ರಿ ಯಕ್ಕಾ' ಎಂದಳು. ಅಷ್ಟೇ.

ಮರುದಿನವೇ ನಂಬರನ್ನು ಎಲ್ಲಕ್ಕಿಂತ ಮೇಲೆ ಹಾಕಿ ಫೋಟೋಗಳನ್ನು ಕೆಳಗಿಳಿಸಿದೆ. ಯಾರನ್ನೂ ಕೇಳಲಿಲ್ಲ. ಸಂಜೆ ಅಧ್ಯಕ್ಷರ ಫೋನ್. 'ಏನ್ರಿ ಮೇಡಂ, ಮೊಬೈಲ್‌ನ್ಯಾಗ ನಾವ್ಯಾರೂ ಕಾಣಂಗಿಲ್ಲಲ್ರಿ?' (ಈಗ ಮೊಬೈಲಿನಲ್ಲಿ ನೋಡಿದ್ದಾರೆ, ಪುಣ್ಯಾತ್ಮರು!)

ಶಾಂತವ್ವನ ವಿಷಯ ಹೇಳಿದೆ. 'ಅಯ್ಯೋ ಪಾಪ, ಭಾಳ ಕೆಟ್ಟಾತು' ಎಂದರು. ಆಮೇಲೆ ದನಿ ಇಳಿಸಿ, 'ಹಂಗಾದ್ರ ನಂದೊಂದಾದ್ರೂ ಮ್ಯಾಲ ಇರ್ಲಿ. ಜಲ್ದಿ ಮಾಡ್ರಿ' ಎಂದರು.

ಸತ್ತವನ ಹೆಸರೇನೆಂದು ಅವರು ಇವತ್ತಿಗೂ ಕೇಳಿಲ್ಲ.