ಸ್ಪ್ಯಾನರ್ ಸಿದ್ದಣ್ಣನ ಹಬ್ಬ

ಜಿಗಣಿಯ ಕಾರ್ಖಾನೆಯ ಮುಂದೆ ಮಧ್ಯಾಹ್ನ ಲಾರಿ ನಿಲ್ಲಿಸಿದರೆ ಒಳಗೆ ಯಂತ್ರಗಳ ಸದ್ದೇ ಇಲ್ಲ, ಬಾಗಿಲಿಗೆ ಮಾವಿನ ತೋರಣ!

"ಇವತ್ತು ಸ್ಪ್ಯಾನರ್ ಸಿದ್ದಣ್ಣನ ಹಬ್ಬ, ರಜಾ ಐತ್ರೀ" ಎಂದ ಬಿಜಾಪುರದ ಫಿಟ್ಟರ್ ಮಲ್ಲೇಶಿ.

"ಯಾರಪ್ಪಾ ಅವ್ನು?"

"ಯಾರೂ ಅಲ್ರೀ! ಊಟದ ಹೊತ್ತಿನ್ಯಾಗ ನಾವ ಕಟ್ಟಿದ ಕತಿ. ಎಂಥಾ ಕೆಲಸಕ್ಕೂ ಒಲ್ಲೆ ಅನ್ನಾಂವಲ್ಲ ಅಂವ. ಸಾಹೇಬ್ರೂ ನಕ್ಕು ಅರ್ಧ ದಿನ ಬಿಟ್ರು."

ನಾಳೆ ಊರಲ್ಲಿ ತಂಗಿಯ ನಿಶ್ಚಿತಾರ್ಥ. ನಾನು ಈಗಲೇ ಲೋಡು ಇಳಿಸಿ ಹೊರಡಬೇಕು. "ಸಿದ್ದಣ್ಣ ಇದ್ದಿದ್ರೆ ಲಾರಿ ಕಾಯಿಸ್ತಿದ್ನಾ?" ಎಂದೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಆ ಒಂದು ಪ್ರಶ್ನೆಗೆ ಮಲ್ಲೇಶಿ ಜೋರಾಗಿ ನಕ್ಕು, ಒಳಗಿದ್ದ ಕೆಲಸಗಾರರನ್ನೆಲ್ಲ ಕೂಗಿ ಕರೆದ. ಹತ್ತೂ ಜನ ಹೊಸ ಅಂಗಿಯ ತೋಳು ಮಡಚಿ ಬಂದರು, ನಾನೂ ಹೆಗಲು ಕೊಟ್ಟೆ. ಕೊನೆಯ ಪೆಟ್ಟಿಗೆ ಇಳಿಯುತ್ತಲೇ ಮಲ್ಲೇಶಿ, "ಅಣ್ಣಾ, ನಿಮ್ ಹೆಸರೇನ್ರೀ? ನಾಳೆ ಕತಿಗೆ ಬೇಕು" ಎಂದ.

ಅಪ್ಪನ ಹೆಸರನ್ನೂ ಸೇರಿಸಿ ಗಟ್ಟಿಯಾಗಿ ಹೇಳಿದೆ.